ಮೊದಲ ಮಳೆಗೆ ನೀಲಾಬಾಯಿಯ ಮನೆ

ಭಾಂಡುಪ್ ಗುಡ್ಡದ ಚಾಳ್‌ಗಳಿಗೆ ಪತ್ರಾಸಿನ, ಅಂದರೆ ತಗಡಿನ, ಛಾವಣಿ ಹೊದಿಸುತ್ತಿದ್ದ ಗುರಲಿಂಗಪ್ಪ ನನ್ನ ಮುತ್ಯಾ, ಅಂದರೆ ಅಪ್ಪನ ಅಪ್ಪ. ಅವನಿಗೊಂದು ವ್ರತವಿತ್ತು. ಬೇಸಿಗೆಯಲ್ಲಿ ಯಾರ ಮನೆಗೆ ಪತ್ರಾಸು ಹೊದಿಸಿದ್ದನೋ, ಮೊದಲ ಮಳೆ ಬಿದ್ದ ದಿನ ಆ ಮನೆಗೆ ಕರೆಯದೆಯೇ ಹೋಗುವುದು. ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ತೊಯ್ಯದಂತೆ ತಲೆಗೆ ಟವೆಲ್ ಸುತ್ತಿ ಹೊರಡುವನು. ಒಳಗೆ ಕೂತು ಕತ್ತೆತ್ತಿ ನೋಡುವನು. ಹನಿ ಬಿದ್ದರೆ ಏಣಿ ಹಾಕುವನು, ಬೀಳದಿದ್ದರೆ ಚಹಾ ಕುಡಿದು ಮುಂದಿನ ಮನೆಗೆ.

ಈ ಸಲ ಮೇ ತಿಂಗಳಲ್ಲೇ ಮುತ್ಯಾ ಲಿಂಗೈಕ್ಯನಾದ. ಅವನ ಕಡೆಯ ಕೆಲಸ ನೀಲಾಬಾಯಿಯ ಮನೆಯದು. ಆಗಲೇ ಕೈ ನಡುಗುತ್ತಿತ್ತು. "ಮಳಿ ಬರಲಿ, ನೀಲಾನ ಮನಿ ನೋಡಬೇಕು" ಎಂಬುದೇ ಹಾಸಿಗೆಯಲ್ಲಿ ಅವನ ಜಪವಾಗಿತ್ತು. ಅದು ಸೋರಿಬಿಟ್ಟರೆ, ಜೀವಮಾನವೆಲ್ಲ ದುಡಿದು ಗಳಿಸಿದ ಹೆಸರಿಗೆ ಮಸಿ ಹತ್ತಿದರೆ? ನನ್ನ ಅಜ್ಜಿ ಮಲ್ಲಕ್ಕ ಇದೊಂದೇ ಚಿಂತೆಯಲ್ಲಿ ದಿನಾ ಆಕಾಶ ನೋಡುತ್ತಿದ್ದಳು.

ಜೂನಿನ ಒಂದು ಭಾನುವಾರ ಮಳೆ ಬಂತು. ಅಜ್ಜಿ ತಲೆಗೆ ಸೆರಗು ಹೊದ್ದು ಎದ್ದಳು. ದಾದರಿನ ಆಫೀಸಿನಲ್ಲಿ ಕೂತು ಕೂತು ಹೊಟ್ಟೆ ಬೆಳೆಸಿದ ನನ್ನ ಅಪ್ಪ ಗೊಣಗಿದ, "ಯವ್ವಾ, ಫೋನ್ ಮಾಡಿ ಕೇಳಿದ್ರ ಆಗೂದಿಲ್ಲೇನು?"

"ಫೋನಿನ್ಯಾಗ ಹನಿ ಕಾಣತಾವೇನೋ ಅನಿಲಾ? ನಿಮ್ಮಪ್ಪನ ಸಾಮಾನಿನ ಚೀಲ, ಏಣಿ ತಗೊ, ನಡಿ."

ನಾನೂ ಹಿಂದೆ ಹೋದೆ.

ನೀಲಾಬಾಯಿ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಳು. "ಬಾ ಕಾಕೂ, ಬಾ! ಒಂದ್ ಹನಿನೂ ನಾಹೀ. ಕಾಕಾನ ಕೆಲಸ ಅಂದ್ರ ಕೆಲಸ!" ಎಂದಳು, ಅಜ್ಜಿಯಿಂದಲೇ ಕಲಿತ ಕನ್ನಡಕ್ಕೆ ತನ್ನ ಮರಾಠಿ ಬೆರೆಸಿ.

"ಮತ್ತ ಚಹಾ ಇಡೂದಿಲ್ಲೇನು?"

"ಇಡತೀನಿ, ಇಡತೀನಿ."

ಎಂದಳೇ ಹೊರತು ನೀಲಾಬಾಯಿ ಏಳಲಿಲ್ಲ. ಅವಳ ರವಿಕೆಯ ಹೆಗಲು ಮಾತ್ರ ಮೆಲ್ಲಗೆ ತೊಯ್ಯುತ್ತಿತ್ತು. ಅಜ್ಜಿ ಹತ್ತಿರ ಹೋಗಿ ಅವಳ ಕೈ ಹಿಡಿದು ಎಬ್ಬಿಸಿದಳು. ಖಾಲಿ ಸ್ಟೂಲಿನ ಮೇಲೆ ಟಪ್ಪೆಂದು ಹನಿ ಬಿತ್ತು.

ನೀಲಾಬಾಯಿಯ ಕಣ್ಣು ತುಂಬಿತು. "ಬಿಡು ಕಾಕೂ, ನಾ ಯಾರಿಗೂ ಹೇಳೂದಿಲ್ಲ. ಕಾಕಾನ ಹೆಸರು..."

ತಿಂಗಳಿಂದ ಬಿಗಿದಿದ್ದ ಅಜ್ಜಿಯ ಮುಖ ಆಗ ಸಡಿಲಾಯಿತು. "ಸೋರಲಿಲ್ಲಂತ ಹೆಸರು ಬಂದಿಲ್ಲವ್ವಾ, ಹುಚ್ಚಿ. ಮಳ್ಯಾಗ ನೋಡಾಕ ಬರತಾರಂತ ಬಂತು. ಮುಚ್ಚಿಟ್ರ ಕೆಡತದ. ಅನಿಲಾ, ಏಣಿ ಹಾಕು."

ಅಪ್ಪ ಪ್ಯಾಂಟು ಮಡಚಿ, ಏಣಿ ಮುಟ್ಟಿ ನಮಸ್ಕರಿಸಿ ಏರಿದ. ಕಲಬುರಗಿ ಕಡೆಯ ಸೋಮನಾಥ ಎದುರು ಮನೆಯ ಬಾಗಿಲಲ್ಲಿ ಕೊಡೆ ಹಿಡಿದು ಕೂಗಿದ, "ಸಾಹೇಬ್ರು ಏರ್ಯಾರಪ್ಪೋ! ಪತ್ರಾಸ್ ಗಟ್ಟಿ ಐತೋ ಇಲ್ಲೋ ನೋಡ್ರಿ!"

ಅಪ್ಪ ಪತ್ರಾಸಿನ ಮೇಲೆ ಬಗ್ಗಿ ಹುಡುಕಿದ. ಒಂದು ಬೋಲ್ಟು ಸಡಿಲಿತ್ತು. ಹುಡುಗನಾಗಿದ್ದಾಗ ಮುತ್ಯಾನ ಜೊತೆ ಏರುತ್ತಿದ್ದ ಕೈ ಮರೆತಿರಲಿಲ್ಲ. ವಾಶರ್ ಬದಲಿಸಿ, ಬಿಗಿದು, ಸುತ್ತ ಡಾಂಬರು ಮೆತ್ತಿದ. ಒಳಗೆ ಅಜ್ಜಿ ಸ್ಟೂಲಿನ ಪಕ್ಕ, ಹನಿ ಬೀಳುತ್ತಿದ್ದಲ್ಲಿಗೆ ಅಂಗೈ ಚಾಚಿ ನಿಂತಿದ್ದಳು. ಮಳೆ ಜೋರಾಯಿತು. ಅಂಗೈ ಒಣಗಿಯೇ ಇತ್ತು.

ಅಪ್ಪ ಇಳಿಯುತ್ತಿದ್ದಂತೆ ಸೋಮನಾಥ ಕೊಡೆ ಮಡಚಿ ಹತ್ತಿರ ಬಂದ. ಈಗ ಅವನ ದನಿಯಲ್ಲಿ ಕುಚೋದ್ಯವಿರಲಿಲ್ಲ. "ಅನಿಲಣ್ಣಾ, ನಮ್ಮ ಮನೀಗೂ ಈ ವರ್ಷ ಮುತ್ಯಾನೇ ಪತ್ರಾಸ್ ಹಾಕಿದ್ದು."

"ಸೋರತದೇನು?"

"ಇಲ್ಲ. ಆದ್ರೂ ನೋಡಾಕ ಬರಬೇಕಲ್ಲ?"

ತೊಯ್ದು ತೊಪ್ಪೆಯಾಗಿದ್ದ ಅಪ್ಪ ನಕ್ಕು ಏಣಿಯನ್ನು ಹೆಗಲಿಗೇರಿಸಿದ. ಅಷ್ಟರಲ್ಲಿ ಅಜ್ಜಿ ಸೋಮನಾಥನ ಹೊಸ್ತಿಲು ದಾಟಿ, ಒಳಗೆ ಕೂತು, ಕತ್ತೆತ್ತಿ ನೋಡುತ್ತಿದ್ದಳು.