ಈಶಾನ್ಯದ ಮೂಲೆಯ ಉಪ್ಪು

ಮನೆ ನೋಡಲು ಹೋಗುವವರು ಕೈಯಲ್ಲಿ ಹೂವೋ ಹಣ್ಣೋ ಹಿಡಿದು ಹೋಗುತ್ತಾರೆ. ಸಾವಂತ್ರೆವ್ವ ಒಂದು ಕಿಲೋ ಹಳ್ಳುಪ್ಪು ಕಟ್ಟಿಸಿಕೊಂಡು ಹೊರಟಿದ್ದಳು.

ರಾಯಾಪುರದಲ್ಲಿ ಮಾರಾಟಕ್ಕಿದ್ದ ಆ ಮನೆ ಅವಳ ಮಗಳು ಮಾಯಾಳ ಮನಸ್ಸು ಹಿಡಿದುಬಿಟ್ಟಿತ್ತು. ಮಾಯಾ ಹೈಸ್ಕೂಲಿನಲ್ಲಿ ಕಲಿಸುವಾಕೆ, ಗಂಡ ರಾಜರತ್ನ ತಾಲೂಕು ಕಚೇರಿಯಲ್ಲಿ ಗುಮಾಸ್ತ. ಮನೆ ಹಳೇದು, ಗಟ್ಟಿ ಕಲ್ಲಿನದು. ಪಡಸಾಲೆಯಿಂದ ಹನ್ನೊಂದು ಮೆಟ್ಟಿಲು ಇಳಿದರೆ ದೊಡ್ಡದೊಂದು ನೆಲಮಾಳಿಗೆ. ಮಾಲೀಕ ಶಾಂತಯ್ಯನ ಅಜ್ಜ ಹತ್ತಿಯ ಮೂಟೆ ಇಡಲು ಕಟ್ಟಿಸಿದ್ದು. ಅಲ್ಲಿ ಓಣಿಯ ಹುಡುಗಿಯರು ಕೂತು ಓದುವಂಥ ಖೋಲಿ ಮಾಡಬೇಕು, ಅಪ್ಪನ ಟ್ರಂಕಿನ ಪುಸ್ತಕ ಗೋಡೆಗೆ ಜೋಡಿಸಬೇಕು ಅಂತ ಮಾಯಾಳ ಆಸೆ.

ಆ ಟ್ರಂಕಿನ ಸಲುವಾಗಿಯೇ ಸಾವಂತ್ರೆವ್ವ ಬಂದದ್ದು. ಅವಳ ಗಂಡ ಯಮನಪ್ಪ ಪ್ರಾಥಮಿಕ ಶಾಲೆಯ ಮಾಸ್ತರ. ಸಾಯುವಾಗ ಎರಡು ಟ್ರಂಕು ಪುಸ್ತಕ ಬಿಟ್ಟು ಹೋಗಿದ್ದ. ದೇಶಪಾಂಡೆ ನಗರದ ಬಾಡಿಗೆ ಮನೆಯೊಳಗೆ ಒಂದು ಮಳೆಗಾಲ ನೀರು ಹೊಕ್ಕು ಕೆಳಗಿನ ಟ್ರಂಕು ಮುದ್ದೆಯಾಯಿತು. ಓದು ಬಾರದ ಸಾವಂತ್ರೆವ್ವ ನಾಲ್ಕು ದಿನ ಒಂದೊಂದೇ ಹಾಳೆ ಬಿಡಿಸಿ ಅರಿವೆ ಒಣಹಾಕುವ ಹಗ್ಗಕ್ಕೆ ಹಾಕಿದ್ದಳು. ಗಂಡ ಬದಿಯಲ್ಲಿ ಬರೆದಿಟ್ಟಿದ್ದ ಅಕ್ಷರಗಳ ಮಸಿ ಅವಳ ಬೆರಳಿಗೆ ಅಂಟಿಕೊಂಡು ಬಂದಿತ್ತು, ಹಾಳೆ ಮಾತ್ರ ಉಳಿಯಲಿಲ್ಲ. ಈಗ ಉಳಿದದ್ದು ಒಂದೇ ಟ್ರಂಕು.

ನೆಲಮಾಳಿಗೆಯ ಗೋಡೆಗೆ ಹೊಸದಾಗಿ ಬಣ್ಣ ಬಳಿದಿದ್ದರು. ಸಾವಂತ್ರೆವ್ವ ಆ ಬಣ್ಣವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನಾಲ್ಕು ತಾಟು ಕೇಳಿ, ಮೂಲೆಗೊಂದರಂತೆ ಇಟ್ಟು, ಒಂದೊಂದರಲ್ಲಿ ಒಂದೊಂದು ಹಿಡಿ ಉಪ್ಪು ಹಾಕಿದಳು.

ಶಾಂತಯ್ಯ ಮೆಟ್ಟಿಲ ಮೇಲೆ ನಿಂತು ನಕ್ಕ. "ಏನ್ರಿ ಸಾವಂತ್ರೆವ್ವಾರ, ಮನಿ ನೋಡಾಕ ಬಂದೀರೋ, ಉಪ್ಪಿನಕಾಯಿ ಹಾಕಾಕ ಬಂದೀರೋ?"

"ಒಂದು ದಿನ ಇಲ್ಲಿ ಕುಂದರ್ಲಿ ಬಿಡ್ರಿ ಸಾವಕಾರ್ರ. ನಾಳೆ ಬಂದು ಮಾತಾಡಸ್ತೇನಿ."

"ಉಪ್ಪು ಮಾತಾಡ್ತೈತೇನ್ರಿ?"

"ಮಂದಿಗಿಂತ ಛಲೋ ಮಾತಾಡ್ತೈತ್ರಿ."

ಅವಳು ಹರೆಯದಲ್ಲಿ ರಸ್ತೆ ಕೆಲಸಕ್ಕೆ, ಕಾಲುವೆ ಕೆಲಸಕ್ಕೆ ಮಣ್ಣು ಹೊತ್ತವಳು. ಸಿಮೆಂಟಿನ ಚೀಲ ಎಲ್ಲಿ ಒಟ್ಟಬೇಕು ಅನ್ನುವುದಕ್ಕೆ ಅಲ್ಲಿಯ ಮೇಸ್ತ್ರಿ ಮೊದಲು ನೆಲದ ಮೇಲೆ ಉಪ್ಪು ಇಟ್ಟು ನೋಡುತ್ತಿದ್ದ. ಉಪ್ಪು ಕರಗಿದ ಕಡೆ ಚೀಲ ಇಳಿಸುತ್ತಿರಲಿಲ್ಲ. ಐವತ್ತು ವರ್ಷದ ಹಿಂದಿನ ಮಾತು; ಅವಳು ಮರೆತಿರಲಿಲ್ಲ.

"ನಾಳೆ ಸಂಜಿಯೊಳಗ ಹೂಂ ಇಲ್ಲಾ ಊಹೂಂ ಅಂದುಬಿಡ್ರಿ," ಅಂದ ಶಾಂತಯ್ಯ. "ಧಾರವಾಡದವ್ರು ಒಬ್ರು ಕಾಯಾಕತ್ತಾರ."

ಮರುದಿನ ಮೂರು ಗಂಟೆಗೆ ಸಾವಂತ್ರೆವ್ವ, ಮಗಳು, ಅಳಿಯ ಮೂವರೂ ಶಾಂತಯ್ಯನ ಹಿಂದೆ ಮತ್ತೆ ಇಳಿದರು. ಮೂರು ತಾಟಿನಲ್ಲಿ ಉಪ್ಪು ಹಾಕಿದಂತೆಯೇ ಇತ್ತು, ಜೂನ್ ತಿಂಗಳ ಗಾಳಿಗೆ ಕೊಂಚ ಪಸೆ ಹಿಡಿದಿತ್ತು ಅಷ್ಟೆ. ಈಶಾನ್ಯದ ಮೂಲೆಯ ತಾಟಿನಲ್ಲಿ ಉಪ್ಪು ಇರಲಿಲ್ಲ, ನೀರಿತ್ತು. ಸಾವಂತ್ರೆವ್ವ ಅಲ್ಲಿಯ ಗೋಡೆಗೆ ಅಂಗೈ ಇಟ್ಟಳು. ಹೊಸ ಬಣ್ಣದ ಹಿಂದೆ ಗೋಡೆ ಎಳೆಗರುವಿನ ಮೂತಿಯ ಹಾಗೆ ತಣ್ಣಗಿತ್ತು.

ಮಾಯಾಳ ಮುಖ ಬಾಡಿತು. ರಾಜರತ್ನ ಮೆಲ್ಲಗೆ, "ನಡೀರಿ ಅತ್ತಿ, ಇದು ಬ್ಯಾಡ," ಅಂದ.

"ಅದು ಮಿರಗಾ ಮಳಿ ತಂಪ್ರಿ," ಅಂದ ಶಾಂತಯ್ಯ, ಮೃಗಶಿರಾ ಮಳೆಯ ಮೇಲೆ ಹಾಕಿ. "ಯಾರ ಮನ್ಯಾಗಿಲ್ಲ ಹೇಳ್ರಿ."

ಸಾವಂತ್ರೆವ್ವ ವಾದ ಮಾಡಲಿಲ್ಲ. "ಈ ನೀರು ಯಾವಾಗಿಂದ ಬರಾಕತ್ತೈತ್ರಿ?" ಅಂತ ಕೇಳಿದಳು, ಊರಿನಿಂದ ಬಂದ ಬೀಗರನ್ನು ಕೇಳುವಂತೆ.

ಶಾಂತಯ್ಯ ಮೆಟ್ಟಿಲ ಕಡೆ ತಿರುಗಿದ. ಮೆಟ್ಟಿಲ ಮೇಲಿಂದ ಅವನ ಹೆಂಡತಿ ಶರಣವ್ವ, "ಹೇಳ್ರಲಾ," ಅಂದಳು. "ಹೇಳದ ಮಾರಿದ್ರ ಆ ಹುಡಿಗಿ ಪುಸ್ತಕ ತೊಯ್ದ ದಿನ ನಮಗ ಊಟ ಸೇರ್ತೈತೇನು?"

ಆಗ ಮಾತು ಹೊರಬಂತು. ಎಂಟು ವರ್ಷದ ಹಿಂದೆ ಮಗಳು ದಾಕ್ಷಾಯಿಣಿಗೆ ವರ ಕೂಡಿಬರುತ್ತಿರಲಿಲ್ಲ. ವಾಸ್ತು ನೋಡುವವನೊಬ್ಬ ಬಂದು, ಅಂಗಳದ ನೀರು ಈಶಾನ್ಯಕ್ಕೆ ಹರಿಯಬೇಕು ಅಂದ. ಅಂಗಳವನ್ನೆಲ್ಲ ಅಗೆದು, ಆ ಕಡೆ ಇಳಿಜಾರು ಮಾಡಿ, ಗೋಡೆಯ ಬುಡದವರೆಗೆ ಪರಸಿಕಲ್ಲು ಹಾಸಿದರು. ವರ್ಷದೊಳಗೆ ಮಗಳ ಲಗ್ನವೂ ಆಯಿತು. ಅಂದಿನಿಂದ ನೆಲಮಾಳಿಗೆಗೂ ನೀರು ಬಂತು.

"ಅದಕ್ಕಿಂತ ಮೊದಲು ಬೂದಿ ಇದ್ದಂಗ ಒಣಾ ಇತ್ತು," ಅಂದಳು ಶರಣವ್ವ.

"ಇಳಿಜಾರು ಮಾತ್ರ ಮುಟ್ಟೂ ಮಾತು ಆಡಬ್ಯಾಡ್ರಿ," ಅಂದ ಶಾಂತಯ್ಯ. ಅವನ ದನಿಯಲ್ಲಿ ವ್ಯಾಪಾರ ಇರಲಿಲ್ಲ. "ಮಗಳು ಈಗ ತುಂಬಿದ ಬಸುರಿ."

ಸಾವಂತ್ರೆವ್ವ ಮೇಲೆ ಬಂದು ಅಂಗಳಕ್ಕಿಳಿದಳು. ಪಡುವಣ ದಿಕ್ಕಿನಲ್ಲಿ ಮೋಡ ಕಪ್ಪಾಗಿ ಕೂತಿತ್ತು. "ಹತ್ತಿ ಇಟ್ಟಾಂವ ನೀರಿಗೆ ದಾರಿ ಮಾಡದ ಮನಿ ಕಟ್ಟಿರಂಗಿಲ್ರಿ ಸಾವಕಾರ್ರ. ನಿಮ್ಮ ಇಳಿಜಾರಕ್ಕ ನಾ ಕೈ ಹಚ್ಚೂದಿಲ್ಲ. ಒಂದ ಕಲ್ಲು ಎಬ್ಬಸ್ತೇನಿ. ಹಾರಿ ಐತೇನ್ರಿ?"

ಕಬ್ಬಿಣದ ಹಾರೆ ಬಂತು. ಅವಳು ಚಪ್ಪಲಿ ಬಿಟ್ಟು, ಗೋಡೆಯ ಗುಂಟ ನಡೆಯುತ್ತ, ಪರಸಿಯ ಮೇಲೆ ಹಾರೆಯ ತುದಿಯಿಂದ ಕುಟ್ಟುತ್ತ ಹೋದಳು. ಟಣ್, ಟಣ್. ಸರಿಯಾಗಿ ಈಶಾನ್ಯದ ಮೂಲೆಯಲ್ಲಿ ಸದ್ದು ಬದಲಾಯಿತು. ಖಾಲಿ ಕೊಡ ಬಡಿದಂತೆ.

ರಾಜರತ್ನ, ಶಾಂತಯ್ಯ ಕೂಡಿ ಮೀಟಿದರು. ಪರಸಿ ಎದ್ದಿತು. ಕೆಳಗೊಂದು ಕರಿಕಲ್ಲಿನ ಮೋರಿ, ಕೂಸು ಮಲಗುವಷ್ಟು ಅಗಲ, ಮನೆಯ ಬುನಾದಿಯ ಬದಿಗೆ ಹೊರಳಿ ಹಿತ್ತಿಲ ಕಡೆ ಕತ್ತಲಲ್ಲಿ ಹೋಗಿತ್ತು. ಸುಣ್ಣವಿಲ್ಲ, ಗಾರೆಯಿಲ್ಲ, ಕಲ್ಲಿಗೆ ಕಲ್ಲು ಕೂತ ಸಂದಿನಲ್ಲಿ ಉಗುರು ಇಳಿಯುತ್ತಿರಲಿಲ್ಲ. ಮೊದಲು ಉಸುಕು, ಜಲ್ಲಿಯ ಅಡಿಯಲ್ಲಿ ಕಾಣದೆ ನೀರು ಕುಡಿಯುತ್ತಿದ್ದ ಇದರ ಬಾಯಿಯ ಮೇಲೆ ಪರಸಿ ಹಾಸಿದವರು ಕಲ್ಲು ಹೇರಿ ಹೋಗಿದ್ದರು.

ಅಷ್ಟರಲ್ಲಿ ಮಳೆ ಬಂತು. ಮಿರಗಾ ಮಳೆ ಹನಿ ಎಣಿಸಲು ಪುರಸೊತ್ತು ಕೊಡುವುದಿಲ್ಲ. ಇಡೀ ಅಂಗಳದ ನೀರು, ಮೇಲಿನ ಮಾಳಿಗೆಯಿಂದ ಬಿದ್ದ ನೀರು, ಎಲ್ಲವೂ ವಾಸ್ತುವಿನ ಇಳಿಜಾರಿನಲ್ಲಿ ಓಡಿಬಂದು ಮೋರಿಯೊಳಗೆ ಬಿದ್ದವು. ಮೋರಿ ತುಂಬಿತು. ತುಂಬಿ ನಿಂತೇಬಿಟ್ಟಿತು.

"ಕಟ್ಟಿಕೊಂಡೈತಿ," ಅಂದ ರಾಜರತ್ನ. ನೀರು ಗೋಡೆಯ ಕಡೆ ಏರತೊಡಗಿತು. ಮಾಯಾ ತಾಯಿಯ ತೋಳು ಹಿಡಿದಳು. "ಯವ್ವಾ, ಸಾಕು. ಕಲ್ಲು ಮುಚ್ಚೂಣು."

"ತಡಿ." ಸಾವಂತ್ರೆವ್ವ ಸೆರಗು ತಲೆಗೆ ಹೊದ್ದು ಮೋರಿಯ ಬಾಯಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತಳು. "ಎಂಟು ವರ್ಷ ಮಲಗೈತಿ. ಏಳಾಕ ಹೊತ್ತು ಬೇಕು."

ಮೊದಲು ಒಂದು ಗುಳ್ಳೆ ಎದ್ದಿತು. ಆಮೇಲೆ ನೆಲದೊಳಗೆ ಎಲ್ಲೋ ದೂರ ಚಕ್ಕಡಿ ಹೊರಳಿದಂಥ ಸದ್ದು. ಅಂಗಾಲಿಗೆ ಅದು ತಿಳಿಯಿತು. ನಿಂತ ನೀರು ಒಮ್ಮೆ ನಡುಗಿ, ನಡುವೆ ಸುಳಿ ಬಿದ್ದು ತಿರುಗಿ, ಗೊಳ್ ಎಂದು ಒಳಗಿಳಿಯಿತು. ಮತ್ತೆ ನಿಲ್ಲಲಿಲ್ಲ. ಅಂಗಳದ ನೀರೆಲ್ಲ ಬರುವುದು, ಮೂಲೆಯಲ್ಲಿ ಬಾಗುವುದು, ಕತ್ತಲೊಳಗೆ ಹೋಗುವುದು. ರಾಜರತ್ನ ಹಿತ್ತಿಲ ಗೋಡೆಯತ್ತ ಓಡಿದ. ಅಲ್ಲಿಂದ ಅವನ ಕೂಗು ಬಂತು: "ಅತ್ತೀ, ಹಳ್ಳದ ದಂಡ್ಯಾಗ ಬೀಳಾಕತ್ತೈತ್ರಿ. ಮುಳ್ಳುಕಂಟಿಯೊಳಗ ಒಂದು ಕಲ್ಲಿನ ಬಾಯಿ ಐತಿ."

ಅವನು ತಿರುಗಿ ಓಡಿಬಂದ. ಐದೂ ಮಂದಿ ತೊಯ್ದು ತೊಪ್ಪೆಯಾಗಿದ್ದರು, ಒಳಗೆ ಹೋಗಬೇಕು ಅನ್ನುವುದು ಯಾರಿಗೂ ತೋಚಲಿಲ್ಲ. ಶಾಂತಯ್ಯ ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದ. ಹುಟ್ಟಿದಾಗಿನಿಂದ ಇದೇ ಅಂಗಳದಲ್ಲಿ ಓಡಾಡಿದವನು, ಕಾಲಡಿಯ ಈ ಮೋರಿ ಕಂಡಿರಲಿಲ್ಲ.

ಸಾವಂತ್ರೆವ್ವ ಮೋರಿಯೊಳಗೆ ಕೈ ಇಳಿಸಿದಳು. ನೀರಿನ ಕೆಳಗೆ ಕಲ್ಲಿನ ಮೈ ನುಣ್ಣಗೆ ಸಿಕ್ಕಿತು. ಇದನ್ನು ಕೂಡಿಸಿದ ಕೈಗಳು ಎಂಥವು ಅಂತ ಅವಳಿಗೆ ಗೊತ್ತಿತ್ತು. ಬುಟ್ಟಿ ಹೊತ್ತವರ ಕೈ, ಹೆಬ್ಬೆಟ್ಟು ಒತ್ತಿ ಕೂಲಿ ಪಡೆದವರ ಕೈ. ತಾನು ಹೊತ್ತ ಮಣ್ಣೂ ಎಲ್ಲೋ ಹೀಗೆ ಯಾರಿಗೂ ಕಾಣದೆ ನೀರು ಸಾಗಿಸುತ್ತಿರಬೇಕು. ಇಷ್ಟು ವರ್ಷ ಅವಳಿಗೆ ಹಾಗೆ ಅನ್ನಿಸಿಯೇ ಇರಲಿಲ್ಲ.

"ಮ್ಯಾಲೆ ನೀರು ಈಶಾನ್ಯಕ್ಕ ಬಂತಲ್ಲರಿ ಸಾವಕಾರ್ರ," ಅಂದಳು. "ಕೆಳಗ ಅದಕ್ಕ ಬೇಕಾದ ಕಡೆ ಹೋಗ್ಲಿ. ನಿಮ್ಮ ವಾಸ್ತುದಾಂವ ಕೆಳಗ ಇಳಿದು ನೋಡೂದಿಲ್ಲ."

ಶರಣವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಶಾಂತಯ್ಯನೂ ನಕ್ಕ. "ಧಾರವಾಡದವ್ರಿಗೆ ಇನ್ನೊಂದು ದಿನಾ ತಡೀರಿ ಅಂತ ಹೇಳ್ತೇನ್ರಿ. ನಿಮ್ಮ ಉಪ್ಪು ಮತ್ತೊಮ್ಮೆ ಕುಂದರ್ಲಿ."

ಆ ಸಂಜೆ ಈಶಾನ್ಯದ ಮೂಲೆಯಲ್ಲಿ ಹೊಸ ಉಪ್ಪು ಕೂತಿತು. ಮಳೆ ಕತ್ತಲಾಗುವ ತನಕ ಸುರಿಯಿತು. ಮರುದಿನ ಮುಂಜಾನೆ ನೋಡಿದರೆ ತಾಟಿನ ಅಂಚಿಗೆ ಕೊಂಚ ತೇವ, ಹರಳು ಮಾತ್ರ ಹರಳಾಗಿಯೇ ಇದ್ದವು. ಸಾವಂತ್ರೆವ್ವ ಗೋಡೆಗೆ ಅಂಗೈ ಇಟ್ಟು ಬಹಳ ಹೊತ್ತು ನಿಂತಳು. ಮಾಯಾ ತಾಯಿಯ ಮುಖವನ್ನೇ ನೋಡುತ್ತಿದ್ದಳು.

"ಎಂಟು ವರ್ಷ ಕುಡದ ಗ್ವಾಡಿ. ಒಣಗಾಕ ಒಂದು ಬ್ಯಾಸಗಿ ಬೇಕು," ಅಂದಳು. "ನಿಮ್ಮಪ್ಪನ ಟ್ರಂಕು ಅಲ್ಲೀತನಾ ಮ್ಯಾಲೆ ನನ್ನ ಖೋಲ್ಯಾಗ ಇರ್ಲಿ. ಯುಗಾದಿ ಆದಮ್ಯಾಲೆ ನಾನ ಕೆಳಗ ಇಳಸ್ತೇನಿ. ಮನಿ ತಗೋ."

ಮೇಲೆ ಅಂಗಳದಲ್ಲಿ ಶಾಂತಯ್ಯ ಹಾರೆ ಹಿಡಿದು ಕಾದಿದ್ದ. "ಕಲ್ಲು ಮುಚ್ಚಲೇನ್ರಿ?"

"ಬ್ಯಾಡ್ರಿ. ಕಬ್ಬಿಣದ ಜಾಳಗಿ ಕೂಡಸ್ತೇವಿ," ಅಂದಳು ಸಾವಂತ್ರೆವ್ವ. "ನೀರು ಹೋಗೂದು ಕಾಣಬೇಕು."