ಭಾನುವಾರದ ಹೆಂಡತಿ

ಬಾಗಿಲು ತೆರೆಯುತ್ತಿದ್ದಂತೆ ಅವಳಿಗಿಂತ ಮೊದಲು ಅವಳ ಸೆಂಟಿನ ವಾಸನೆ ಒಳಗೆ ಬಂತು, ಇದು ಹೊಸದು, ಮುಂಚಿನದು ಇಷ್ಟು ಘಾಟಾಗಿರಲಿಲ್ಲ, ಯಾರಾದರೂ ಕೊಟ್ಟರೋ ಅವಳೇ ಕೊಂಡಳೋ, ಕೇಳುವ ಹಾಗಿಲ್ಲ, ಸಂಸಾರ ಮಾಡಿದ ಮನೆಗೆ ನೆಂಟರ ಹಾಗೆ ಬೆಲ್ ಒತ್ತಿ ಬರುವವಳನ್ನು ಏನೆಂದು ಕೇಳುವುದು, ಅವನು ಸುಮ್ಮನೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ, ಬನ್ನಿ ಮೇಡಂ, ಲೈಟು ರೆಡಿ ಇದೆ, ಬೇಗ ಮುಗಿಸಿಬಿಡೋಣ, ಎಂದು ಕ್ಯಾಮೆರಾದವನು ಒಳಗಿನಿಂದಲೇ ಕೂಗಿದ, ಅವಳು ಹೂಂ ಎನ್ನುತ್ತ ಕೈಚೀಲದ ಪುಟ್ಟ ಜಿಪ್ಪು ಎಳೆದು ಮದುವೆಯ ಉಂಗುರ ತೆಗೆದು ಬೆರಳಿಗೇರಿಸಿಕೊಂಡಳು — ವಾರವಿಡೀ ಅದು ಲಿಪ್‌ಸ್ಟಿಕ್ಕಿನ ಜೊತೆ ಸಂಸಾರ ಮಾಡಿಕೊಂಡಿರುತ್ತದೆ, ಭಾನುವಾರ ಬಂದರೆ ಅವನ ಹೆಂಡತಿಯ ಕೈಗೆ ಬರುತ್ತದೆ — ಇವತ್ತಿನ ವಿಡಿಯೋನೇ ಕೊನೆಯದು, ಹಾಸಿಗೆ ಕಂಪನಿಯ ಜೊತೆಗಿನ ಒಪ್ಪಂದ ಇವತ್ತಿಗೆ ಮುಗಿಯುತ್ತದೆ, ಬೇರೆ ಬೇರೆ ಮನೆಯಲ್ಲಿ ಮಲಗುವ ಇಬ್ಬರು ಸೇರಿ ಊರಿಗೆಲ್ಲ ಡಬಲ್ ಹಾಸಿಗೆ ಮಾರಿದ್ದಾರೆ, ನಗು ಬರಬೇಕು, ಬರುತ್ತಿಲ್ಲ, ನಾಳೆ ಮ್ಯಾನೇಜರು ಬರೆದಿಟ್ಟ ಹೇಳಿಕೆ ಹೊರಗೆ ಹೋಗುತ್ತದೆ, ಸ್ನೇಹಿತರಾಗಿಯೇ ದೂರವಾಗುತ್ತಿದ್ದೇವೆ, ನಮ್ಮ ಖಾಸಗಿತನವನ್ನು ಗೌರವಿಸಿ, ಖಾಸಗಿತನ ಎಂಬ ಪದ ಓದಿ ಅವಳು ಫೋನಿನಲ್ಲಿ ಗಹಗಹಿಸಿ ನಕ್ಕಿದ್ದಳು, ಎಷ್ಟು ತಿಂಗಳ ಮೇಲೆ ಕೇಳಿದ ನಗು, ಹಾಗಾಗಿ ಹೇಳುವುದಿದ್ದರೆ ಇವತ್ತೇ ಹೇಳಬೇಕು, ವಾಪಸ್ ಬಾ ಎಂಬ ಎರಡು ಪದ, ಸಿನಿಮಾದಲ್ಲಿ ಎಷ್ಟೋ ನಾಯಕಿಯರಿಗೆ ಎಷ್ಟೋ ಬಾರಿ ಹೇಳಿದವನಿಗೆ ಈಗ ಅವು ಬಾಯಿಗೆ ಬರುತ್ತಿಲ್ಲ.

ಉಪ್ಪು ಎಲ್ಲಿಟ್ಟಿದೀಯ, ಅಡುಗೆಮನೆಯಿಂದ ಅವಳ ದನಿ, ಒಲೆ ಪಕ್ಕಾನೇ ಇದೆ ನೋಡು, ಮೇಲಿನ ಕಪಾಟಲ್ಲಿ ಇತ್ತಲ್ಲ, ಒಬ್ನೇ ಇರೋದಲ್ವಾ ಕೈಗೆ ಸಿಗಲಿ ಅಂತ ಇಳಿಸ್ದೆ, ಬಾಣಲೆಯಲ್ಲಿ ಎಣ್ಣೆ ಚುರುಗುಟ್ಟಿತು, ಆಮ್ಲೆಟ್, ಮೊದಲನೇ ವಿಡಿಯೋದಲ್ಲೂ ಆಮ್ಲೆಟ್ಟೇ, ಅವನು ಸೀಯಿಸಿದ್ದು, ಅವಳು ಫೋನು ಹಿಡಿದು ಬಿದ್ದು ಬಿದ್ದು ನಕ್ಕಿದ್ದು, ಆಗ ಅವನ ಸಿನಿಮಾಗಳನ್ನು ಕೇಳುವವರಿರಲಿಲ್ಲ, ಒಂದು ಸುಟ್ಟ ಆಮ್ಲೆಟ್ಟು ಅವನನ್ನು ಮತ್ತೆ ಮೇಲೆತ್ತಿತು, ಜೋಡಿಹಕ್ಕಿಗಳು ಎಂದು ಜನ ಹೆಸರಿಟ್ಟರು, ದಂತವೈದ್ಯೆ ಕೂಡ ಅವನ ಬಾಯಲ್ಲಿ ಹತ್ತಿ ತುರುಕುತ್ತ, ಸರ್ ನಿಮ್ಮನ್ನ ನೋಡಿದ್ರೆ ಮದುವೆ ಮೇಲೆ ನಂಬಿಕೆ ಬರುತ್ತೆ ಎಂದಳು, ಆಮೇಲೆ ಹುಟ್ಟುಹಬ್ಬ ಬಂತು, ಜ್ವರ ಬಂತು, ಜಗಳವೂ ಬಂತು, ಜಗಳದ ಮಧ್ಯೆ ತಡಿ ತಡಿ ಇದನ್ನ ತೆಗೆಯೋಣ ಎಂದವನು ಅವನೇ, ಸೀನೋಕೂ ಮುಂಚೆ ಲೆನ್ಸ್ ಎಲ್ಲಿದೆ ಅಂತ ಹುಡುಕ್ತೀನಿ ಕಣೋ ಎಂದು ಅವಳು ಹೇಳಿದ್ದು ತಮಾಷೆಗೆಂದು ಅವನು ಆ ಮಾತನ್ನೂ ವಿಡಿಯೋಕ್ಕೆ ಸೇರಿಸಿದ, ಮಾವ, ಅವಳ ಅಪ್ಪ, ಒಬ್ಬರು ಮಾತ್ರ ಕ್ಯಾಮೆರಾ ಕಂಡರೆ ಪೇಪರು ಅಡ್ಡ ಹಿಡಿಯುತ್ತಿದ್ದರು, ನನ್ನೊಬ್ಬನ್ನ ಬಿಟ್ಬಿಡಪ್ಪ, ಬಿಡಲಿಲ್ಲವಲ್ಲ, ಆಸ್ಪತ್ರೆಯ ಕೋಣೆಯೊಳಗೆ ಅವಳು ಅಪ್ಪನ ಪಾದ ಹಿಡಿದು ಕೂತಿದ್ದಾಗ ಅವನು ಕಾರಿಡಾರಿನಲ್ಲಿ ಗೋಡೆಗೊರಗಿ ನಿಂತು ಫೋನಿನಲ್ಲಿ ಪೋಸ್ಟ್ ಬರೆಯುತ್ತಿದ್ದ, ಅಪ್ಪ ಇನ್ನಿಲ್ಲ, ನಿಜಕ್ಕೂ ಅಳುತ್ತಲೇ ಬರೆದ, ಅದನ್ನು ಯಾರೂ ನಂಬುವುದಿಲ್ಲ, ಅವಳ ತಂಗಿ ಅಪ್ಪನಿಗೆ ಒಗೆದ ಅಂಗಿ ಹಿಡಿದುಕೊಂಡು ಇನ್ನೂ ಏನೂ ತಿಳಿಯದೆ ಬಸ್ಸಿನಲ್ಲಿ ಬರುತ್ತಿದ್ದಳು, ಪಕ್ಕದ ಸೀಟಿನ ಹೆಂಗಸು, ಅಯ್ಯೋ ಪಾಪ ನೋಡಿ, ಜೋಡಿಹಕ್ಕಿ ಹುಡುಗಿ ಅಪ್ಪ ಹೋಗ್ಬಿಟ್ರಂತೆ, ಎಂದು ತನ್ನ ಫೋನನ್ನು ಅವಳಿಗೇ ತೋರಿಸಿದಳಂತೆ, ಹೆಂಡತಿ ಅವತ್ತು ಕೂಗಾಡಲಿಲ್ಲ, ಎಲ್ಲ ಮುಗಿದ ಮೇಲೆ ಟವೆಲು ಮಡಿಸುತ್ತ ಒಂದೇ ಮಾತು ಕೇಳಿದಳು, ಅಪ್ಪನ ಫೋಟೋನ ಕಪ್ಪು ಬಿಳುಪು ಮಾಡೋಕೆ ಎಷ್ಟೊತ್ತು ತಗೊಂಡೆ.

ಸರ್, ಮೇಡಂ, ಸೋಫಾ ಮೇಲೆ ಹತ್ತಿರ ಕೂತ್ಕೊಳಿ, ಇನ್ನೂ ಹತ್ತಿರ, ಏನಾದ್ರೂ ಮನಸಿಂದ ಹೇಳಿ ಸಾಕು, ಅವಳ ಮೊಣಕೈ ಅವನ ಮೊಣಕೈಗೆ ತಾಗಿತು, ಬೆಚ್ಚಗಿದೆ, ಅದೇ ಮೊಣಕೈ, ದೀಪ ಕಣ್ಣಿಗೆ ಚುಚ್ಚುತ್ತಿದೆ, ಅವನು ಲೆನ್ಸಿಗೆ ಬೆನ್ನು ಹಾಕಿ ಅವಳ ಕಡೆ ತಿರುಗಿದ, ಇಷ್ಟು ವರ್ಷಗಳ ಕಸುಬಿನಲ್ಲಿ ಎಂದೂ ಮಾಡದ್ದು, ನೀನಿಲ್ದೆ ಈ ಮನೇಲಿ ನಂಗಾಗ್ತಿಲ್ಲ, ಇದು ವಿಡಿಯೋಗಲ್ಲ, ಎಲ್ಲ ನಿಲ್ಲಿಸಿಬಿಡ್ತೀನಿ, ವಾಪಸ್ ಬಾ, ದನಿ ಒಡೆಯಿತು, ಅವಳ ಕೆನ್ನೆಯ ಮೇಲೆ ಒಂದು ಹನಿ, ಅಳುತ್ತಿದ್ದಾಳೆ, ಅಳುತ್ತಿದ್ದಾಳೆ, ಸೂಪರ್ ಮೇಡಂ ಎಂದು ಕ್ಯಾಮೆರಾದವನು ಚಪ್ಪಾಳೆ ತಟ್ಟಿದ, ಅವಳು ಕೈ ಚಾಚಿದಳು, ಕೊಡಿ, ನೋಡ್ತೀನಿ, ಪುಟ್ಟ ಪರದೆಯ ಮೇಲೆ ಬಗ್ಗಿ, ಇವನ ಮಾತು ತೆಗೆದ್ಬಿಡಿ, ಬರೀ ಮ್ಯೂಸಿಕ್ ಇರ್ಲಿ, ನಾನು ಹೇಳಿದ್ದು ನಿಜ ಕಣೆ, ಗೊತ್ತು, ಗೊತ್ತಿದ್ದೂ ಹೀಗೆ ಹೇಳ್ತೀಯಲ್ಲ, ಅದನ್ನ ಹೇಳೋಕೂ ಕ್ಯಾಮೆರಾ ಬರೋ ತನಕ ಕಾದೆಯಲ್ಲೋ, ಇಲ್ಲ, ಬರಲ್ಲ, ಎಂದಳು ಪರದೆಯಿಂದ ಕಣ್ಣು ತೆಗೆಯದೆ, ಎಲ್ಲಿಂದ ಕತ್ತರಿಸಬೇಕೆಂದು ಹೆಬ್ಬೆರಳಲ್ಲಿ ವಿಡಿಯೋ ಹಿಂದಕ್ಕೆಳೆದಳು, ಅವನೂ ಬಗ್ಗಿ ನೋಡಿದ, ಹನಿ ಕೆನ್ನೆಯಿಂದ ಮೇಲೇರಿ ಕಣ್ಣಿನೊಳಗೆ ಹೋಯಿತು, ಬಿಟ್ಟಳು, ಹನಿ ಇಳಿಯಿತು — ಪರದೆಯಲ್ಲಿ ಅವನಿನ್ನೂ ಲೆನ್ಸಿನ ಕಡೆ ನೋಡಿ ನಗುತ್ತಿದ್ದಾನೆ, ತಿರುಗಿಲ್ಲ, ಬಾಯಿ ತೆರೆದೇ ಇಲ್ಲ, ಹನಿ ಆಗಲೇ ಇಳಿದಿದೆ, ಅವನ ಮಾತಿಗೆ ಬಂದದ್ದಲ್ಲ — ಮತ್ತೆ ಎಳೆದಳು, ಹನಿ ಮೇಲೇರಿ ಒಳಗೆ ಹೋಯಿತು, ಅವನು ಬಾಯಿ ತೆರೆದಿಲ್ಲ, ಹನಿ ಇಳಿಯಿತು, ಎಳೆದಳು, ಮೇಲೇರಿತು, ಕಣ್ಣು ಒಣಗಿ ಹೊಳೆಯಿತು, ಹನಿ