ಸೆಪ್ಟೆಂಬರ್ ಪುಟದ ಕಾಗೆ

ವರ್ತಕ ನಗರದ ಕಟ್ಟಡವೊಂದರ ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ಜಯಲತಾ ವರ್ಷವಿಡೀ ಕ್ಯಾಮೆರಾ ಹಿಡಿದು ಕೂತವಳು. ಏಪ್ರಿಲ್ ಸೆಖೆಗೆ ಬಾಯಿ ಕಳೆದು ಕೂತ ಪಿಕಳಾರ, ಮೊದಲ ಮಳೆಗೆ ತೊಯ್ದು ತೊಪ್ಪೆಯಾಗಿ ಮುಖ ಸಿಂಡರಿಸಿದ ಮಡಿವಾಳ ಹಕ್ಕಿ, ಜನವರಿಯ ಎಳೆಬಿಸಿಲಿಗೆ ಮೈಯೊಡ್ಡಿದ ಹೊನ್ನಕ್ಕಿ, ಹೀಗೆ ಹನ್ನೊಂದು ತಿಂಗಳಿಗೆ ಹನ್ನೊಂದು ಹಕ್ಕಿ ಸಿಕ್ಕಿದ್ದವು. ಕಟ್ಟಡದ ಸೊಸೈಟಿಯ ಸೆಕ್ರೆಟರಿ ಮನೀಶ ಕ್ಯಾಲೆಂಡರಿಗೆಂದು ಕೇಳಿದ್ದು ಹನ್ನೆರಡು. ಸೆಪ್ಟೆಂಬರ್ ಇನ್ನೂ ಖಾಲಿಯಿತ್ತು.

ಕಾಗೆಯನ್ನು ಅವಳು ಹಕ್ಕಿಯ ಜಾತಿಗೇ ಸೇರಿಸಿರಲಿಲ್ಲ. ಅದು ಬಂದರೆ ದಾಸವಾಳದ ಕುಂಡಕ್ಕೆ ಬರುವ ಸೂರಕ್ಕಿ ಪರಾರಿ. ಹಾಗಾಗಿ ಪ್ಲಾಸ್ಟಿಕ್ ಬಾಟಲಿಗೆ ಕಲ್ಲು ತುಂಬಿಸಿಟ್ಟು, ಕಾಗೆ ಕಂಡೊಡನೆ ಗಡಗಡ ಅಲ್ಲಾಡಿಸುತ್ತಿದ್ದಳು. ಮಾವ ಬದುಕಿದ್ದಾಗ ಇದೇ ವಿಷಯಕ್ಕೆ ದಿನಾ ಜಟಾಪಟಿ. ಅವರೋ ತಮ್ಮ ಬಟ್ಟಲಿನ ನೀರುದೋಸೆಯನ್ನು ಕದ್ದು ಕಾಗೆಗೆ ಹಾಕುವವರು. "ಅದರ ಫೋಟೋ ಯಾಕೆ ತೆಗೆಯುದಿಲ್ಲ? ಕಪ್ಪು ಅಂತವಾ?" ಎಂದು ಸೊಸೆಯನ್ನು ಕೆಣಕುವವರು. ಕ್ಯಾಮೆರಾ ಕೊಡಿಸಿದವರೂ ಅವರೇ. ಹೋದ ವರ್ಷ ಜುಲೈನಲ್ಲಿ ಅವರು ತೀರಿಕೊಂಡ ಮೇಲೆ, ಜಗಳಕ್ಕೆ ಜನವಿಲ್ಲದೆ ಬಾಲ್ಕನಿ ಬಿಕೋ ಎನ್ನುತ್ತಿತ್ತು. ಆದರೂ ಅವಳು ಬಾಟಲಿ ಬಿಟ್ಟಿರಲಿಲ್ಲ.

ಮಾವನ ವರ್ಷಾಂತಿಕ ಮುಗಿದ ಮೇಲೆ ಬಂದ ಮೊದಲ ಮಹಾಲಯ ಅಮಾವಾಸ್ಯೆ. ಗಂಡ ಜಯಶೀಲ ಕೋಪರಿಯ ಹೋಟೆಲಿಗೆ ಅರ್ಧ ದಿನ ರಜೆ ಹಾಕಿ ಬಂದಿದ್ದ. ಅನ್ನ, ಬಂಗುಡೆ ಸಾರು, ನೀರುದೋಸೆ ಬಡಿಸಿದ ಎಲೆಯನ್ನು ಬಾಲ್ಕನಿಯ ಕಟ್ಟೆಯ ಮೇಲಿಟ್ಟು "ಕಾ, ಕಾ" ಎಂದು ಕರೆದ. ಕಾಗೆ ಮುಟ್ಟದೆ ಮನೆಯಲ್ಲಿ ಯಾರೂ ಉಣ್ಣುವ ಹಾಗಿಲ್ಲ. ಪುಣ್ಯಕ್ಕೆ ಒಂದು ಕಾಗೆ ಕೂಡಲೇ ಬಂದು ಕೂತಿತು. ಜಯಲತಾಳಿಗೆ ಸಂತೋಷವೋ ಸಂತೋಷ. ಆದರೆ ಅವಳ ಹಾಳು ಕೈ ಅಭ್ಯಾಸಬಲದಿಂದ ಬಾಟಲಿ ಎತ್ತಿ ಗಡಗಡ ಮಾಡಿಬಿಟ್ಟಿತು.

"ನಿನ್ನ ತಲೆ ಸಮ ಉಂಟಾ ಮಾರಾಯ್ತಿ? ಅಪ್ಪನನ್ನೇ ಓಡಿಸಿದಿಯಲ್ಲ!" ಎಂದ ಜಯಶೀಲ.

ಆಮೇಲೆ ಒಂದು ಗಂಟೆ ಕಳೆಯಿತು. ಮಳೆ ಬಂತು, ಎಲೆಗೆ ಕೊಡೆ ಹಿಡಿದರು. ಬಿಸಿಲು ಬಂತು, ಕೊಡೆ ತೆಗೆದರು. ಎದುರು ಕಟ್ಟಡದ ಕೇಬಲ್ಲಿನ ಮೇಲೆ ಆರು ಕಾಗೆಗಳು ಸಾಲಾಗಿ ಕೂತು ಜಯಲತಾಳನ್ನೇ ದುರುಗುಟ್ಟಿ ನೋಡುತ್ತಿದ್ದವು.

"ಅಪ್ಪ, ಎಂತ ಬೇಕು ಹೇಳಿ. ಬಂಗುಡೆಗೆ ಉಪ್ಪು ಕಮ್ಮಿ ಆಯ್ತಾ?" ಎಂದು ಜಯಶೀಲ ಕೈಮುಗಿದ.

ಮಗಳು ದಿಶಾ ಹಸಿದ ಹೊಟ್ಟೆ ಹಿಡಿದುಕೊಂಡು, "ಮಮ್ಮೀ, ವೋ ತುಮ್ಕೋ ಪೆಹಚಾನ್ತೇ ಹೈಂ. ತುಮ್ ಅಂದರ್ ಜಾವ್" ಎಂದಳು. ಕಾಗೆಗಳಿಗೆ ಅಮ್ಮನ ಗುರುತು ಉಂಟು, ಅವಳು ಒಳಗೆ ಹೋದರೇ ಅವು ಬರುವುದು ಎಂದು ಅವಳ ವಾದ.

ಉಪ್ಪು ಕಮ್ಮಿಯಾದದ್ದಲ್ಲ, ಮಾವನಿಗೆ ತನ್ನ ಮೇಲೇ ಸಿಟ್ಟು ಎಂದು ಜಯಲತಾಳಿಗೆ ಖಾತ್ರಿಯಾಯಿತು. ಕೇಬಲ್ಲಿನ ಆರೂ ಕಾಗೆಗಳಿಗೆ ಕಾಣುವ ಹಾಗೆ ಬಾಟಲಿಯ ಕಲ್ಲುಗಳನ್ನು ದಾಸವಾಳದ ಕುಂಡಕ್ಕೆ ಸುರಿದಳು.

"ಮಾವ, ಇನ್ನು ಓಡಿಸುದಿಲ್ಲ. ಸೆಪ್ಟೆಂಬರ್ ಪುಟ ನಿಮ್ಮ ಕಾಗೆಗೇ. ಬನ್ನಿ, ಮಗುವಿಗೆ ಹಸಿವಾಗ್ತದೆ," ಎಂದು ಹೇಳಿ ಕ್ಯಾಮೆರಾ ಹಿಡಿದು ಪರದೆಯ ಹಿಂದೆ ಕೂತಳು.

ಒಂದು ಕಾಗೆ ಬಂತು. ಅನ್ನ ಬಿಟ್ಟಿತು, ಬಂಗುಡೆಯನ್ನೂ ಬಿಟ್ಟಿತು, ಸೀದಾ ನೀರುದೋಸೆಗೆ ಕೊಕ್ಕು ಹಾಕಿತು. ಜಯಲತಾ ಬೆರಳನ್ನು ಗುಂಡಿಯ ಮೇಲಿಟ್ಟವಳು ಒತ್ತಲಿಲ್ಲ. ಕ್ಲಿಕ್ ಸದ್ದಿಗೆ ಬೆದರಿದರೆ? ಅದು ಹೊಟ್ಟೆ ತುಂಬ ತಿನ್ನುವ ತನಕ ಕಾದಳು. ಕಣ್ಣು ತುಂಬಿ ಏನೂ ಕಾಣುತ್ತಲೂ ಇರಲಿಲ್ಲ. ರೆಕ್ಕೆಯ ಸದ್ದು ಕೇಳಿದ ಮೇಲೆ ಒತ್ತಿದಳು.

ಕ್ಯಾಲೆಂಡರಿನ ಆ ಪುಟದಲ್ಲಿರುವುದು ಒಂದು ಒದ್ದೆ ಬಾಳೆಎಲೆ, ಹರಿದ ದೋಸೆ, ಮೂಲೆಯಲ್ಲಿ ನಾಲ್ಕು ಬೆರಳಷ್ಟು ಕಪ್ಪು ಬಾಲ.

"ಭಾಭೀ, ಇಸ್‌ಮೇ ಪಂಛೀ ಕಹಾಂ ಹೈ?" ಎಂದು ಮನೀಶ ಪುಟದಲ್ಲಿ ಹಕ್ಕಿಯನ್ನು ಹುಡುಕುತ್ತ ತಲೆ ಕೆರೆದುಕೊಂಡ.

"ಊಟ ಮಾಡಿ ಹೋದ್ರು," ಎಂದಳು ಜಯಲತಾ.